ಹೂವಿನ ಕೋಣೆಗೆ ಬೇಕಾಗಿದ್ದ ಕತ್ತಲೆ

ಸಂಜೆ ಆರಕ್ಕೆ ಹೂವಿನ ಕೋಣೆಯ ದೀಪ ಆರಿದರೆ ಬೆಳಿಗ್ಗೆ ಆರರ ತನಕ ಒಳಗೆ ಕತ್ತಲೆಯೇ ಇರಬೇಕು. ಅರೆಬರೆ ಕತ್ತಲೆ ನಡೆಯುವುದಿಲ್ಲ, ಕಣ್ಣ ಮುಂದೆ ಹಿಡಿದ ಕೈ ಕಾಣಬಾರದು. ಏಸಿಯ ಮೇಲೆ ಸಾಸಿವೆಯಷ್ಟು ಮಿನುಗುವ ದೀಪಕ್ಕೂ ನಾನು ಕಪ್ಪು ಟೇಪು ಅಂಟಿಸಿದ್ದೆ. ಒಳಗೆ ಹೋಗಲೇಬೇಕಾದರೆ ಹಣೆಗೆ ಹಸಿರು ಟಾರ್ಚು ಕಟ್ಟಿಕೊಂಡು ಹೋಗಬೇಕು, ಹಸಿರು ಬೆಳಕನ್ನು ಗಿಡ ಹೆಚ್ಚುಕಡಿಮೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ನಿಯಮ ಮಾಡಿದವನು ನಾನು. ಕೇಳಿದವರಿಗೆ ಸಾಕಪ್ಪಾ ಅನ್ನಿಸುವಷ್ಟು ಸಲ ಅದನ್ನು ಹೇಳಿದವನೂ ನಾನೇ.

ಗಿಡ ಗಾಂಜಾ. ಇದನ್ನು ಓದಿದ ಕೂಡಲೇ ನಿಮ್ಮ ಹುಬ್ಬು ಮೇಲೇರುತ್ತದೆ ಅಂತ ನನಗೆ ಗೊತ್ತು. ನನ್ನ ಹೆಂಡತಿ ಧಾರವಾಡಕ್ಕೆ ಫೋನು ಮಾಡಿದಾಗ "ಇವರು ಮಲೇಷ್ಯಾದಾಗ ಔಷಧಿ ಗಿಡ ಬೆಳಸ್ತಾರ" ಅಂತ ಅರ್ಧ ಹೇಳಿ, ಮಳೆ ಆತೇನ್ರಿ ಅಂತ ಮಾತು ತಿರುಗಿಸುತ್ತಾಳೆ. ಈ ದೇಶದಲ್ಲಿ ಇದರ ಪೊಟ್ಟಣ ಸಿಕ್ಕರೆ ಜೈಲು, ದೊಡ್ಡ ಪೊಟ್ಟಣವಾದರೆ ನೇಣಿನ ಮಾತೂ ಬರುತ್ತದೆ. ನಾವು ಬೆಳೆಯುತ್ತಿದ್ದದ್ದು ಸಂಶೋಧನೆಗೆ ಸಿಕ್ಕ ಅನುಮತಿಯ ಮೇಲೆ, ಅದೂ ಒಂದೇ ಬೆಳೆಗೆ. ಸೈಬರ್‌ಜಯಾ ದಾಟಿ ಎಣ್ಣೆತಾಳೆ ತೋಟ ಶುರುವಾಗುವ ಕಡೆ ಕಿಟಕಿಯಿಲ್ಲದ ಒಂದು ಕಟ್ಟಡ, ಸುತ್ತ ಎರಡು ಬೇಲಿ, ಮೂಲೆ ಮೂಲೆಗೆ ಕ್ಯಾಮೆರಾ. ಪ್ರತಿ ಗಿಡದ ಕೊರಳಿಗೂ ನಂಬರಿನ ಪಟ್ಟಿ. ತಿಂಗಳಿಗೊಮ್ಮೆ ಮಾದಕ ವಸ್ತು ಇಲಾಖೆಯ ಅಧಿಕಾರಿಯೊಬ್ಬರು ಬಂದು ಗಿಡ ಎಣಿಸುತ್ತಿದ್ದರು, ಕತ್ತರಿಸಿದ ಎಲೆಯನ್ನೂ ತೂಗಿ ಬೀಗ ಹಾಕಿಸುತ್ತಿದ್ದರು.

ತಳಿ ಮಾತ್ರ ನಮ್ಮ ಕಡೆಯದು. ಪಶ್ಚಿಮ ಘಟ್ಟದ ತೆಂಕಣ ತುದಿಯಲ್ಲಿ, ಏಲಕ್ಕಿ ಬೆಳೆಯುವ ಇಡುಕ್ಕಿಯ ಬೆಟ್ಟಗಳಲ್ಲಿ ತಲೆಮಾರುಗಳಿಂದ ಬೆಳೆದುಬಂದ ಹಳೇ ಸಟೈವಾ ಜಾತಿಯ ಗಾಂಜಾ. ಯಾವನೋ ಪರದೇಶಿ ಪ್ರವಾಸಿ ಒಂದು ಕಾಲದಲ್ಲಿ ಬೀಜ ಒಯ್ದು ತನ್ನ ದೇಶದ ಬೀಜ ಭಂಡಾರಕ್ಕೆ ಕೊಟ್ಟಿದ್ದನಂತೆ. ಅಲ್ಲಿಂದ ಅದು ಮೊಹರು, ಸೀಲು, ಪ್ರಮಾಣಪತ್ರ ಎಲ್ಲಾ ಕಟ್ಟಿಕೊಂಡು ನಮ್ಮ ಹತ್ತಿರ ಬಂತು. ನೆರೆಮನೆಯ ಹುಡುಗಿಯನ್ನು ಲಂಡನ್ನಿನಿಂದ ಮದುವೆ ಮಾಡಿಕೊಂಡು ಬಂದ ಹಾಗೆ ಅಂತ ನಾನು ನಗುತ್ತಿದ್ದೆ.

ಇದರ ಎಲೆ ಕಿರುಬೆರಳಿನಷ್ಟು ಸಪೂರ. ಕಾಂಡ ಒಂದೇ ಸಮನೆ ಮೇಲಕ್ಕೆ ಹೋಗುತ್ತದೆ. ಚಳಿನಾಡಿನ ಗಿಡ್ಡ ತಳಿಗಳು ಎರಡು ತಿಂಗಳಿಗೆ ಹೂ ಮುಗಿಸಿ ಕೈ ತೊಳೆದುಕೊಂಡರೆ, ಇದಕ್ಕೆ ಅದರ ಎರಡು ಪಟ್ಟು ಬೇಕು. ವರ್ಷವಿಡೀ ಹಗಲು ರಾತ್ರಿ ಸಮ ಇರುವ ನಾಡಿನ ಗಿಡ, ಅದಕ್ಕೆ ಯಾವ ಅವಸರವೂ ಇಲ್ಲ. ಗುಣವೂ ಬೇರೆ. ಗಿಡ್ಡ ತಳಿ ತಿಂದವನು ಕೂತಲ್ಲೇ ಕುಸಿಯುತ್ತಾನೆ, ಇದು ಕಣ್ಣು ತೆರೆಸುತ್ತದೆ ಅಂತ ಹಿಂದಿನಿಂದಲೂ ಹೆಸರು. ಮಾತು ಹೆಚ್ಚುತ್ತದೆ, ನಗು ಬರುತ್ತದೆ, ಹಸಿವಾಗುತ್ತದೆ. ಪ್ರಮಾಣ ತಪ್ಪಿದರೆ ಎದೆ ಡವಡವ ಹೊಡೆದುಕೊಳ್ಳುತ್ತದೆ, ಪುಕ್ಕಲರಿಗೆ ಇಲ್ಲದ ಭಯ ಹತ್ತುತ್ತದೆ. ಹೆಸರು ಎಷ್ಟು ನಿಜ ಅಂತ ನೋಡಲೆಂದೇ ಮೆಲಾಕಾದ ಒಂದು ಆಸ್ಪತ್ರೆಯ ನರರೋಗ ವೈದ್ಯರು ಇದನ್ನು ಆರಿಸಿದ್ದರು. ಕಾಲಿನ ಸ್ನಾಯು ಕಟ್ಟಿಗೆಯಂತೆ ಬಿಗಿದುಕೊಳ್ಳುವ ರೋಗಿಗಳಿಗೆ ಈಗ ಕೊಡುವ ಮಾತ್ರೆ ಬಿಗಿತ ಸಡಿಲಿಸುತ್ತದೆ ಸರಿ, ಆದರೆ ದಿನವಿಡೀ ಮಲಗಿಸಿಬಿಡುತ್ತದೆ. ಎಚ್ಚರ ಉಳಿಸಿಕೊಂಡು ಬಿಗಿತ ಇಳಿಸುವ ಎಣ್ಣೆ ಬೇಕಾಗಿತ್ತು.

ಅಂಥ ರೋಗಿಗಳಲ್ಲಿ ಒಬ್ಬರು ನಮ್ಮ ಮೇಡಂ ಅವರ ಯಜಮಾನರು.

ಮೇಡಂ ಅಂದರೆ ನಮ್ಮ ಕಟ್ಟಡದ ಗುಣಮಟ್ಟ ನೋಡಿಕೊಳ್ಳುವವರು, ಮೈಸೂರಿನವರು. ನಾನು ಬೆಳೆಯುವವನು, ಅವರು ನನ್ನ ತಪ್ಪು ಹುಡುಕುವವರು. ಬೆಳಗಾದರೆ ಜಗಳ. "ಸರ್, ಕೈಗವಸು ಹಾಕಿಲ್ಲ ನೀವು" ಅಂತ ಅವರು, "ನನ್ನ ಕೈ ಈ ಗಿಡಕ್ಕ ಗುರ್ತು ಐತ್ರಿ ಮೇಡಂ" ಅಂತ ನಾನು. ಅವರ ಯಜಮಾನರು ಸೈಬರ್‌ಜಯಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದವರು. ನರದ ರೋಗ ಬಂದು ಮೊದಲು ಎಡಗಾಲು ಬಿಗಿಯಿತು, ಆಮೇಲೆ ಎರಡೂ. ಈಗ ಪೆಟಾಲಿಂಗ್ ಜಯಾದ ಮನೆಯಲ್ಲಿ ಗಾಲಿಕುರ್ಚಿ. ಮೆಲಾಕಾದ ಔಷಧಿ ಪರೀಕ್ಷೆಗೆ ಅವರ ಹೆಸರು ಸೇರಿತ್ತು. ಈ ದೇಶದಲ್ಲಿ ಅವರ ಬಾಯಿಗೆ ಈ ಎಣ್ಣೆ ಬೀಳಲು ಬೇರೆ ಯಾವ ದಾರಿಯೂ ಇರಲಿಲ್ಲ. ಅದಕ್ಕೇ ಮೇಡಂ ಬೇರೆ ಕಡೆಯ ಒಳ್ಳೇ ಕೆಲಸ ಬಿಟ್ಟು ನಮ್ಮಲ್ಲಿಗೆ ಬಂದಿದ್ದರು.

ಮೊದಲ ಪೆಟ್ಟು ಬೀಜದ್ದೇ. ಮುದಿ ಬೀಜ, ಬೆರಳೆಣಿಕೆಯಷ್ಟು ಮೊಳೆತವು. ಮೊಳೆತವುಗಳಲ್ಲಿ ಗಂಡು ಗಿಡ ಕಿತ್ತೆಸೆದ ಮೇಲೆ ಉಳಿದ ಹೆಣ್ಣುಗಳಲ್ಲಿ ಒಂದನ್ನು ತಾಯಿ ಅಂತ ಆರಿಸಿ, ಅದರ ಕುಡಿ ಕತ್ತರಿಸಿ ಬೇರು ಬರಿಸಿ ಇಡೀ ಬೆಳೆ ಎಬ್ಬಿಸಿದೆವು. ಎಲ್ಲವೂ ಒಂದೇ ತಾಯಿಯ ಪಡಿಯಚ್ಚು, ಎಣ್ಣೆ ಒಂದೇ ಗುಣದ್ದಾಗಿರಲಿ ಅಂತ. ಎರಡನೆಯದು ಎತ್ತರ. ಗಿಡ ದೀಪಕ್ಕೆ ತಲೆ ತಾಗಿಸಿ ತುದಿ ಸುಟ್ಟುಕೊಂಡವು, ಬಲೆ ಕಟ್ಟಿ ಬಗ್ಗಿಸಿದೆವು. ಮೂರನೆಯದು ಈ ಊರಿನ ಗಾಳಿ. ಹೊರಗಿನ ತೇವ ಬಾಗಿಲು ತೆರೆದಾಗಲೆಲ್ಲ ಒಳಗೆ ಬಂದು ಹೂವಿಗೆ ಬೂದು ಬೂಸ್ಟು ಹಿಡಿಸುತ್ತಿತ್ತು. ತೇವ ಹೀರುವ ಯಂತ್ರ ಒಂದು ವಾರ ಕೈಕೊಟ್ಟಾಗ ನಾನೂ ನಮ್ಮ ತಂತ್ರಜ್ಞೆ ತಮಿಳು ಅಕ್ಕನೂ ಬೂಸ್ಟು ಹಿಡಿದ ಹೂ ಒಂದೊಂದೇ ಕತ್ತರಿಸಿ ತೆಗೆದೆವು. ಅಕ್ಕ ಇಲ್ಲೇ ಹುಟ್ಟಿ ಬೆಳೆದವರು. ಕೋಣೆಯ ದೀಪದ ಟೈಮರ್ ಹೊಂದಿಸುವುದು ಅವರ ಜವಾಬ್ದಾರಿ. "ಈ ಗಿಡಕ್ಕೆ ನನ್ನ ಮಾಮಿಯಾರ್‌ಗಿಂತ ಸೇವೆ ಜಾಸ್ತಿ ಲಾ" ಅಂತ ತಮ್ಮ ಅತ್ತೆಯನ್ನು ನೆನೆದು ಅನ್ನುತ್ತಿದ್ದರು.

ಇಷ್ಟೆಲ್ಲ ದಾಟಿ ಹೂ ಕಟ್ಟಿತು. ಭೂತಗನ್ನಡಿ ಹಿಡಿದರೆ ಹೂವಿನ ಮೇಲೆ ಅಂಟಿನ ಗುಂಡುತಲೆಗಳು ಕಾಣುತ್ತಿದ್ದವು, ಇನ್ನೂ ತಿಳಿನೀರಿನ ಬಣ್ಣ. ಅವು ಹಾಲಿನ ಬಣ್ಣಕ್ಕೆ ತಿರುಗಿದಾಗ ಕೊಯ್ಲು. ಬೀಜ ಮಾತ್ರ ಕಟ್ಟಬಾರದು. ಬೀಜ ಕಟ್ಟಿದರೆ ಗಿಡದ ಸತ್ವವೆಲ್ಲ ಅದಕ್ಕೆ ಹೋಗಿ ಅಂಟು ಕುಗ್ಗುತ್ತದೆ, ಆಸ್ಪತ್ರೆ ಆ ಮಾಲು ಮುಟ್ಟುವುದಿಲ್ಲ. ಗಂಡೇ ಇಲ್ಲದ ಕೋಣೆಯಲ್ಲಿ ಬೀಜ ಎಲ್ಲಿಂದ ಅಂತ ನೀವು ಕೇಳಬಹುದು. ಈ ಹಳೇ ಸಟೈವಾಗಳಿಗೆ ಒಂದು ಕೆಟ್ಟ ಚಾಳಿ ಇದೆ. ಹೂ ಬಿಡುವ ಕಾಲದಲ್ಲಿ ರಾತ್ರಿಯ ನಿದ್ದೆ ಕೆಟ್ಟರೆ, ಕಾಲ ಸರಿಯಿಲ್ಲ ಅಂತ ಹೆದರಿ, ಹೆಣ್ಣು ಗಿಡವೇ ಅಲ್ಲಲ್ಲಿ ಗಂಡು ಹೂ ಬಿಟ್ಟುಕೊಳ್ಳುತ್ತದೆ. ಅದಕ್ಕೇ ಆ ಕತ್ತಲೆಯ ನಿಯಮ.

ನವರಾತ್ರಿಯ ಮೊದಲ ದಿನ ಮೇಡಂ ಮನೆಗೆ ಊಟಕ್ಕೆ ಕರೆದರು. ಆ ದಿನ ಮಧ್ಯಾಹ್ನವೇ ಕೆಲಸ ಮುಗಿಸಿ ಹೊರಟೆ, ಮರುದಿನ ಬೆಳಿಗ್ಗೆ ನಾನು ಮೆಲಾಕಾಕ್ಕೆ ಹೋಗಿ ಹಬ್ಬ ಮುಗಿಯುವ ತನಕ ವೈದ್ಯರ ಜೊತೆ ಪರೀಕ್ಷೆಯ ತಯಾರಿಗೆ ಕೂರಬೇಕಿತ್ತು. ಹಜಾರದಲ್ಲಿ ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸಿದ್ದರು, ಪಟ್ಟದ ಗೊಂಬೆ ಮೈಸೂರಿಂದ ಬಟ್ಟೆಯಲ್ಲಿ ಸುತ್ತಿಕೊಂಡು ಬಂದದ್ದು. ಕೆಳಗೆ ಎಣ್ಣೆಯ ದೀಪ.

"ಒಂಬತ್ತು ದಿನ ಇದು ಆರೋ ಹಾಗಿಲ್ಲ ಸರ್" ಅಂದರು ಮೇಡಂ.

"ನಮ್ಮನೇಲಿ ಎಚ್ಚರ ಇರೋದು ಅದೊಂದೇ" ಅಂದರು ಯಜಮಾನರು ಗಾಲಿಕುರ್ಚಿಯಿಂದ.

ನಾವೆಲ್ಲ ನಕ್ಕೆವು. ಒಳ್ಳೇ ಮಾತುಗಾರ ಮನುಷ್ಯ. ಗಿಡ ಎಲ್ಲಿಗೆ ಬಂತು, ಅಂಟಿನ ಬಣ್ಣ ತಿರುಗಿತಾ ಅಂತ ಒಂದೊಂದಾಗಿ ಕೇಳಿದರು. ನಾನು ಹೇಳುತ್ತಾ ಹೋದೆ. ತಿಳಿಸಾರಿಗೆ ಕೈ ಹಾಕಿದವನು ತಲೆಯೆತ್ತಿ ನೋಡಿದರೆ ಅವರ ಗದ್ದ ಎದೆಗೆ ಬಿದ್ದಿತ್ತು. ಶಾಲೆಗೆ ಹೋಗುವ ಮಗಳು ಬಂದು ಅವರ ಕೈಯಿಂದ ಚಮಚ ತೆಗೆದುಕೊಂಡು, "ಇಟ್ಸ್ ಓಕೆ ಅಂಕಲ್, ಹಿ ವಿಲ್ ವೇಕ್ ಅಪ್ ಬೈ ನೈನ್" ಅಂದಳು. ಅಷ್ಟೊತ್ತಿಗೆ ಅವಳು ಮಲಗುವ ಹೊತ್ತಾಗಿರುತ್ತದೆ ಅಂತ ಮೇಡಂ ಹೇಳಿದರು.

ವಿಜಯದಶಮಿ ಕಳೆದು ಮೆಲಾಕಾದಿಂದ ಬಂದೆ. ಹೂವಿನ ಕೋಣೆಯ ಮುಂದೆ ಬಟ್ಟೆ ಬದಲಿಸುವ ಒಂದು ಪಡಸಾಲೆ ಇದೆ, ಅಲ್ಲಿನ ಗೂಡಿನಲ್ಲಿ ಮೇಡಂ ಇಟ್ಟ ಚಾಮುಂಡಿಯ ಪುಟ್ಟ ಪಟ. ಅದರ ಹಣೆಗೆ ಹೊಸ ಕುಂಕುಮ, ಎದುರಿಗೆ ಒಣಗಿದ ಸೇವಂತಿಗೆಯ ಎಸಳು. ಹಬ್ಬ ಮಾಡಿದ್ದಾರೆ ಅಂದುಕೊಂಡು ಕೈಗವಸು ಹಾಕಿಕೊಂಡು ಒಳಗೆ ಹೋದೆ.

ಕೆಲವು ದಿನಗಳ ಮೇಲೆ ಬಾಗಿಲ ಹತ್ತಿರದ ಸಾಲಿನಲ್ಲಿ ಬಲೆ ಸರಿಪಡಿಸುವಾಗ ಕಣ್ಣಿಗೆ ಹಳದಿ ಕಂಡಿತು. ಹೂವಿನ ಒಳಗಿಂದ ಅಕ್ಕಿಕಾಳಿನಷ್ಟು ಬಾಳೆಹಣ್ಣಿನ ಆಕಾರದ ಗಂಡು ಕೇಸರ ಇಣುಕಿತ್ತು. ಪಕ್ಕದ ಗಿಡ ನೋಡಿದೆ, ಅಲ್ಲೂ. ಅದರ ಪಕ್ಕ, ಅಲ್ಲೂ. ಫ್ಯಾನು ನಿಲ್ಲಿಸಿದೆ. ಅಕ್ಕನನ್ನು ಕೂಗಿ ನೀರಿನ ಪಿಚಕಾರಿ ತರಿಸಿದೆ, ನೀರು ತಾಗಿದ ಪರಾಗ ಸಾಯುತ್ತದೆ. ಇಬ್ಬರೂ ಚಿಮ್ಮಟದಲ್ಲಿ ಒಂದೊಂದೇ ಹಳದಿ ಎಳೆ ಕಿತ್ತೆವು. ಕೆಟ್ಟ ಗಿಡಗಳನ್ನು ಪಟ್ಟಿ ಸಮೇತ ಚೀಲ ಕಟ್ಟಿ ಬೀಗದ ಕೋಣೆಗೆ ಸಾಗಿಸಿದೆವು. ಈಗಲೇ ಕೊಯ್ದುಬಿಡೋಣವಾ ಅಂತ ಅಕ್ಕ ಕೇಳಿದರು. ಭೂತಗನ್ನಡಿ ಹಿಡಿದು ನೋಡಿದೆ, ಗುಂಡುತಲೆಗಳು ಇನ್ನೂ ತಿಳಿನೀರು. ಈಗ ಕೊಯ್ದರೆ ಸಿಗುವುದು ಹುಲ್ಲಿನ ರಸ. ಕಾಯೋಣ ಅಂದೆ.

ಕಾಯುತ್ತಲೇ ಕಾರಣ ಹುಡುಕಿದೆ. ಮೊದಲು ಟೈಮರ್ ಬಿಚ್ಚಿದೆ, ಸರಿಯಿತ್ತು. ಕಪ್ಪು ಟೇಪುಗಳೆಲ್ಲ ಜಾಗದಲ್ಲೇ ಇದ್ದವು. ಆಮೇಲೆ ಎಲ್ಲೆಲ್ಲಿ ಗಂಡು ಹೂ ಬಂದಿತ್ತೋ ಆ ಜಾಗಗಳನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ಬಂದೆ. ಗುರುತೆಲ್ಲ ಬೀಸಣಿಗೆಯಂತೆ ಹರಡಿ ಒಂದೇ ಕಡೆ ಕೂಡಿದವು, ಬಾಗಿಲಿಗೆ. ಬಾಗಿಲಲ್ಲಿ ಅಂಗೈಯಗಲದ ಗಾಜು. ಅದಕ್ಕೆ ಕಪ್ಪು ಪರದೆ ಹಾಕಿದ್ದೆ, ಒಳಗೆ ಕಾಣಿಸಬೇಕು ಅಂತ ಭದ್ರತೆಯವರು ತೆಗೆಸಿದ್ದರು. ರಾತ್ರಿ ಪಡಸಾಲೆಯೂ ಕತ್ತಲೆಯಾದ್ದರಿಂದ ಅದರಿಂದ ತೊಂದರೆ ಇರಲಿಲ್ಲ. ಇರಬಾರದಿತ್ತು.

ಭದ್ರತಾ ಕೋಣೆಯಲ್ಲಿ ಕೂತು ಪಡಸಾಲೆಯ ಕ್ಯಾಮೆರಾದ ಚಿತ್ರ ಹಾಕಿಸಿದೆ. ನವರಾತ್ರಿಯ ಮೊದಲ ಸಂಜೆ, ಊಟಕ್ಕೆ ನಾವು ಸೇರುವ ಮುಂಚೆ, ಮೇಡಂ ಬರುತ್ತಾರೆ. ಕೈಚೀಲದಿಂದ ಹಣತೆಯ ಆಕಾರದ ಬ್ಯಾಟರಿ ದೀಪ ತೆಗೆದು ಚಾಮುಂಡಿಯ ಮುಂದಿಡುತ್ತಾರೆ, ಕೈ ಮುಗಿಯುತ್ತಾರೆ. ಬೆಂಕಿ ಹಚ್ಚುವಂತಿಲ್ಲ ಅಂತ ಅವರಿಗೆ ಗೊತ್ತು, ಗಿಡದ ಕೋಣೆಯೊಳಗೆ ಬೆಳಕು ಕೂಡದು ಅಂತಲೂ ಗೊತ್ತು. ಇದು ಹೊರಗಿನ ಪಡಸಾಲೆ ಅಂದುಕೊಂಡರು. ಎದುರಿಗೇ ಆ ಗಾಜು. ದೀಪದ ಬಣ್ಣ ಕೆಂಪು ಬೆರೆತ ಹಳದಿ. ಗಿಡದ ನಿದ್ದೆ ಕೆಡಿಸಲು ಅದಕ್ಕಿಂತ ಸರಿಯಾದ ಬಣ್ಣ ಇನ್ನೊಂದಿಲ್ಲ. ಪ್ರತಿ ಸಂಜೆ ಬಂದು ಬ್ಯಾಟರಿ ಬದಲಿಸಿದ್ದಾರೆ. ಒಂಬತ್ತು ರಾತ್ರಿಯೂ ಆ ಮೂಲೆ ಮಿನುಗುತ್ತಲೇ ಇತ್ತು. ನೋಡುತ್ತಾ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

ಅಷ್ಟರಲ್ಲಿ ಉಳಿದ ಗಿಡಗಳ ಹೂವೂ ಊದಿಕೊಳ್ಳತೊಡಗಿತ್ತು. ಒಂದನ್ನು ಉಗುರಲ್ಲಿ ಒತ್ತಿದರೆ ಹಸಿರು ಬೀಜ ಹೊರಗೆ ಬಂತು. ಇನ್ನೊಂದು ಒತ್ತಿದೆ, ಇನ್ನೊಂದು. ನಾವು ಕೀಳುವ ಮುಂಚೆಯೇ ಫ್ಯಾನಿನ ಗಾಳಿ ಪರಾಗವನ್ನು ಕೋಣೆಯ ಮೂಲೆ ಮೂಲೆಗೂ ಹಂಚಿತ್ತು. ಎರಡು ವಾರ ನಾವು ಚಿಮ್ಮಟ ಹಿಡಿದು ಕೂತದ್ದೆಲ್ಲ ನೀರಲ್ಲಿ ಮಾಡಿದ ಹೋಮವಾಯಿತು.

ಈಗ ಬೆಳೆ ಯಾಕೆ ಕೆಟ್ಟಿತು ಅಂತ ಬರೆದುಕೊಡುವ ಕೆಲಸ. ಬಂಡವಾಳ ಹಾಕಿದವರು ಫೋನು ಮಾಡಿದರು. ಯಂತ್ರದ ದೋಷ ಅಂತಾದರೆ ಇನ್ನೊಂದು ಬೆಳೆಗೆ ಅನುಮತಿ ಕೇಳಬಹುದು, ಟೈಮರ್ ಕೆಟ್ಟಿತ್ತು ಅಂತ ಬರೆದರೆ ಸಾಕಲ್ಲ ಅಂದರು. ಭದ್ರತಾ ಆವರಣದೊಳಗೆ ಹೇಳದೆ ಕೇಳದೆ ಯಾರೋ ಏನೋ ಇಟ್ಟರು ಅಂತ ಬರೆದರೆ ಕಥೆ ಮುಗಿದ ಹಾಗೆ. ನನಗೂ ಆಸೆ ಹುಟ್ಟಿತು, ಸುಳ್ಳೇಕೆ ಹೇಳಲಿ. ಒಂದು ಸಣ್ಣ ಸುಳ್ಳಿಗೆ ಇನ್ನೊಂದು ಬೆಳೆ. ಆದರೆ ಟೈಮರ್ ಅಂದರೆ ಅಕ್ಕ. ಮಾದಕ ವಸ್ತುವಿನ ಕೋಣೆಯಲ್ಲಿ ಬೇಜವಾಬ್ದಾರಿ ಮಾಡಿದವಳು ಅಂತ ಹೆಸರು ಬಿದ್ದರೆ ಅವರನ್ನು ಯಾರು ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ? ಮತ್ತೆ, ನಾನು ಬರೆದದ್ದಕ್ಕೆ ಗುಣಮಟ್ಟದವರ ಸಹಿ ಬೇಕು. ಹೇಗಿದ್ದರೂ ಮೇಡಂ ಮುಂದೆ ಕೂರಲೇಬೇಕು.

ಹತ್ತಿರದ ಮಾಮಕ್ ಚಹಾದಂಗಡಿಗೆ ಕರೆದುಕೊಂಡು ಹೋದೆ. ಎರಡು ತೆ ತಾರಿಕ್ ಹೇಳಿದೆ. ಚಹಾ ಬಂತು, ಮೇಲಿನ ನೊರೆ ಇಳಿಯಿತು.

"ಕಾರಣ ಸಿಕ್ತಾ ಸರ್?" ಅಂದರು.

"ಸಿಕ್ತ್ರಿ ಮೇಡಂ. ಬಾಗಲದ ಗಾಜಿನಾಗಿಂದ ಬೆಳಕ ಹೋಗೇತಿ. ನವರಾತ್ರಿಯಾಗ."

ಅವರು ಲೋಟ ಕೆಳಗಿಟ್ಟರು. ನಾನು ಮುಂದೆ ಏನೂ ಹೇಳಬೇಕಾಗಲಿಲ್ಲ.

"ಮನೇಲಿಟ್ಟ ದೀಪ ಐದನೇ ದಿನ ಆರೋಯ್ತು ಸರ್, ಫ್ಯಾನ್ ಗಾಳಿಗೆ" ಅಂದರು. "ತುಂಬ ಹೆದರಿಕೊಂಡಿದ್ದೆ. ಆಮೇಲೆ, ಹೋಗ್ಲಿ ಬಿಡು, ಅಲ್ಲಿ ಇಟ್ಟಿರೋದು ಆರಲ್ಲವಲ್ಲ ಅಂತ ಸಮಾಧಾನ ಮಾಡ್ಕೊಂಡೆ."

ಟೈಮರ್ ಅಂತ ಬರೆಯಬಹುದು ಅಂತ ಮೆಲ್ಲಗೆ ಹೇಳಿದೆ. ಅದನ್ನು ಹೇಳಿದ್ದು ಅವರ ಮನೆಯ ಗಾಲಿಕುರ್ಚಿಯನ್ನು ನೆನೆದು.

"ಬೇಡ ಸರ್. ಅಕ್ಕನ್ನ ತೆಗೆದುಹಾಕ್ತಾರೆ. ಇದ್ದದ್ದು ಇದ್ದ ಹಾಗೆ ಬರೀರಿ, ನಾನು ಸೈನ್ ಮಾಡ್ತೀನಿ."

ಹಾಗೇ ಬರೆದೆ. ಸಹಿ ಮಾಡಿದರು, ಅಕ್ಷರ ಎಂದಿನ ಹಾಗೆ ದುಂಡಗೇ ಇತ್ತು. ಅನುಮತಿ ಮುಂದುವರಿಸುವುದಿಲ್ಲ ಅಂತ ಉತ್ತರ ಬಂತು. ಬಂಡವಾಳದವರು ಕೈ ಎತ್ತಿಬಿಟ್ಟರು. ನಮಗೆಲ್ಲ ಕೆಲಸದಿಂದ ಬಿಡುಗಡೆ, ಅಕ್ಕನಿಗೂ. ಆ ನಿಜದಿಂದ ಕೊನೆಗೆ ಅಕ್ಕನ ಹೆಸರೊಂದು ಕೆಡದೆ ಉಳಿಯಿತು, ಅಷ್ಟೆ.

ಸುಡುವ ದಿನ ಅಧಿಕಾರಿ ಇಬ್ಬರು ಪೇದೆಗಳ ಜೊತೆ ಬಂದರು. ಗಿಡ ಒಂದೊಂದನ್ನೂ ಬುಡಕ್ಕೆ ಕತ್ತರಿಸಿ, ಪಟ್ಟಿ ಬಿಚ್ಚಿ, ಅವರ ಕೈಗಿತ್ತು, ತೂಗಿ ಕುಲುಮೆಗೆ ಹಾಕಿದೆವು. ಅಲುಗಾಡಿಸಿದಾಗ ನೆಲದ ಮೇಲೆ ಬೀಜ ಉದುರಿದವು. ಒಂದು ಕಾಲಕ್ಕೆ ಒಂದೊಂದು ಮೊಳಕೆಗಾಗಿ ಉಸಿರು ಹಿಡಿದು ಕೂತಿದ್ದ ತಳಿ, ಈಗ ಬೊಗಸೆಗಟ್ಟಲೆ ಬೀಜ. ಅವನ್ನೂ ಗುಡಿಸಿ ತೂಗಿ ಹಾಕಿದೆವು. ಕೊನೆಗೆ ತಾಯಿಗಿಡ. ನಾನು ಸ್ವಲ್ಪ ತಡ ಮಾಡಿದೆನೋ ಏನೋ, ಅಧಿಕಾರಿ ಹತ್ತಿರ ಬಂದು, "ಸಾರಿ ಲಾ ಸರ್" ಅಂದರು. ಒಳ್ಳೆಯ ಮನುಷ್ಯ. "ಇಟ್ಸ್ ಓಕೆ ತುವಾನ್" ಅಂದು ಕತ್ತರಿ ಹಾಕಿದೆ. ಶೂಗಳ ಅಡಿಯನ್ನೂ ತೋರಿಸಿ ಹೊರಗೆ ಬಂದೆವು, ಬೀಜ ಅಂಟಿರಬಹುದು ಅಂತ.

ಯಜಮಾನರಿಗೆ ಬೆಳೆ ಕೆಟ್ಟಿದೆ ಅಂತಷ್ಟೇ ಗೊತ್ತಿತ್ತು. ಪೂರ್ತಿ ನನ್ನ ಬಾಯಿಂದಲೇ ಕೇಳಬೇಕು ಅಂದರಂತೆ. ಭಾನುವಾರ ಪೆಟಾಲಿಂಗ್ ಜಯಾಕ್ಕೆ ಹೋದೆ. ಬಾಗಿಲು ತೆಗೆದ ಮೇಡಂ, "ಬೆಳಗ್ಗಿನ ಮಾತ್ರೆ ತಗೊಂಡಿಲ್ಲ ಸರ್. ನೀವು ಬರ್ತೀರಿ ಅಂತ, ಎದ್ದಿರಬೇಕು ಅಂದ್ರು" ಅಂತ ಪಿಸುಗುಟ್ಟಿದರು.

ಯಜಮಾನರು ಎಚ್ಚರವಾಗಿದ್ದರು. ಅವರ ಕಣ್ಣು ಅಷ್ಟು ಚುರುಕಾಗಿದ್ದದ್ದನ್ನು ನಾನು ಅದೇ ಮೊದಲು ನೋಡಿದ್ದು. ಕಾಲು ಮಾತ್ರ ಒಂದರ ಮೇಲೊಂದು ಕತ್ತರಿಯಾಗಿ ಬಿಗಿದು, ಹಿಮ್ಮಡಿ ನಡುಗುತ್ತಿತ್ತು. ನೋವಿಗೆ ತುಟಿ ಕಚ್ಚಿಕೊಂಡೇ ನಕ್ಕರು. ಮಗಳು ಅವರ ಪಕ್ಕ ಬೆತ್ತದ ಮೋಢಾದ ಮೇಲೆ ಕೂತಿದ್ದಳು. ಬೆಳಗಿನಿಂದ ಅವಳ ಶಾಲೆಯ ಕಥೆ ಪೂರ್ತಿ ಕೇಳಿದೆ ಅಂತ ಹೇಳಿದರು. ಮೇಡಂ ಮಗಳನ್ನು ಒಳಗೆ ಕಳಿಸಿದರು.

"ಹೇಳಿ ಸರ್" ಅಂದರು ಯಜಮಾನರು.

ಹೇಳಿದೆ. ಹೂ, ಬೀಜ, ಕುಲುಮೆ, ಅನುಮತಿ ಹೋದದ್ದು. ಮೆಲಾಕಾದವರು ಬೇರೆ ಕಡೆಯಿಂದ ಎಣ್ಣೆ ತರಿಸಲು ಹೊರಟರೆ ಎಷ್ಟು ವರ್ಷವೋ ಹೇಳಲಾಗದು ಅಂತಲೂ ಹೇಳಿದೆ. ಸುಮ್ಮನೆ ಸಮಾಧಾನದ ಮಾತಾಡುವ ಮುಖ ನನಗಿರಲಿಲ್ಲ.

"ಯಾಕೆ ಕೆಡ್ತು?"

"ಬೆಳಕ ಹೋತ್ರಿ ಒಳಗ. ಎಲ್ಲಿಂದ ಅಂತ ಗೊತ್ತಾಗಲಿಲ್ಲ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮೇಡಂ, "ನಾನಿಟ್ಟ ದೀಪದಿಂದ ರೀ" ಅಂದರು. "ನವರಾತ್ರಿಗೆ ಅಲ್ಲಿ ಒಂದು ಇಟ್ಟಿದ್ದೆ."

ಅವರು ಹೆಂಡತಿಯನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಅಲ್ಲೂ ಒಂದು ಇಡು ಅಂತ ಹೇಳಿದ್ದು ನಾನೇ ಸರ್."

ಮೇಡಂ ಏನೋ ಹೇಳಲು ಬಾಯಿ ತೆರೆದರು. ಯಜಮಾನರು ಹಾಗೆ ಹೇಳಿರಲೇ ಇಲ್ಲ ಅಂತ ಮೇಡಂ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಯಜಮಾನರು ಕೈ ಎತ್ತಿ ತಡೆದು, ಆ ಕೈಯನ್ನು ಹಾಗೇ ಅವರ ಕಡೆಗೆ ಚಾಚಿದರು.

"ಮಾತ್ರೆ ಕೊಡು ಇನ್ನ" ಅಂದರು.